ಕಳಪೆ ಸೇವೆ ದೊಡ್ಡ ಮಳಿಗೆಗಳನ್ನು ಹೇಗೆ ಸೊರಗಿಸುತ್ತದೆ?

2007ರ ಮಾರ್ಚ್ ತಿಂಗಳ ಕೊನೆ. ಅಮೆರಿಕದ ಎಲೆಕ್ಟ್ರಾನಿಕ್ಸ್ ಮಳಿಗೆ ಸರಣಿ ಸರ್ಕಿಟ್ ಸಿಟಿ ತನ್ನ ಅಂಗಡಿಗಳಲ್ಲಿ ದುಡಿಯುತ್ತಿದ್ದ ಸುಮಾರು 3,400 ಜನರನ್ನು ಒಟ್ಟಿಗೆ ಮನೆಗೆ ಕಳಿಸಿತು. ಅವರು ಕೆಲಸ ಕದ್ದವರಲ್ಲ, ತಪ್ಪು ಮಾಡಿದವರೂ ಅಲ್ಲ. ಅದೇ ಕೆಲಸಕ್ಕೆ ಹೊರಗೆ ಸಿಗುವುದಕ್ಕಿಂತ ಇವರ ಸಂಬಳ ಜಾಸ್ತಿ ಇದೆ ಎಂಬುದೇ ಕಂಪನಿ ಕೊಟ್ಟ ಕಾರಣ. ಬೇಕಿದ್ದರೆ ಹತ್ತು ವಾರ ಬಿಟ್ಟು, ಕಡಿಮೆ ಸಂಬಳಕ್ಕೆ ಮತ್ತೆ ಅರ್ಜಿ ಹಾಕಬಹುದು ಎಂದೂ ಹೇಳಿತು.

ಸಂಬಳ ಜಾಸ್ತಿ ಇದ್ದವರು ಯಾರು? ಹೆಚ್ಚಿನವರು ಅನುಭವ ಇದ್ದವರು. ಎರಡು ಟಿವಿಗಳ ನಡುವೆ ಏನು ವ್ಯತ್ಯಾಸ, ಯಾವ ಕ್ಯಾಮೆರಾ ಯಾರಿಗೆ ಸರಿಹೋಗುತ್ತದೆ ಎಂದು ಬಿಡಿಸಿ ಹೇಳಬಲ್ಲವರು. ಅವರು ಹೋದ ಮೇಲೆ ಪ್ರಶ್ನೆ ಕೇಳಲು ಬಂದ ಗಿರಾಕಿಗೆ ಉತ್ತರ ಕೊಡುವವರು ಕಡಿಮೆಯಾದರು. ಮಾರಾಟ ಕುಸಿಯಿತು. 2008ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರ ಮಾರ್ಚ್‌ನಲ್ಲಿ ಉಳಿದಿದ್ದ 567 ಮಳಿಗೆಗಳೂ ಬಾಗಿಲು ಮುಚ್ಚಿದವು. 1949ರಿಂದ ನಡೆದುಬಂದ ವ್ಯಾಪಾರ ಅದು.

ಇದಕ್ಕೆ ಆ ಒಂದು ನಿರ್ಧಾರವೇ ಕಾರಣ ಅನ್ನುವುದು ತಪ್ಪಾಗುತ್ತದೆ. 2008ರ ಆರ್ಥಿಕ ಕುಸಿತ ಇತ್ತು. ಸರಕು ಕೊಡುವ ಕಂಪನಿಗಳು ಸಾಲಕ್ಕೆ ಮಾಲು ಕೊಡಲು ಹಿಂಜರಿದವು. ಪೈಪೋಟಿ ಜೋರಾಗಿತ್ತು. ಆದರೆ ಬಿರುಗಾಳಿ ಬರುವ ಹೊತ್ತಿಗೆ ಆ ಮರದ ಬೇರು ಸಡಿಲವಾಗಿತ್ತು ಅನ್ನುವುದಂತೂ ನಿಜ.

ಅಂಗಡಿಗಳಲ್ಲಿ ಮುಚ್ಚಿದ ಕೌಂಟರ್‌ಗಳು, ಖಾಲಿ ರ‍್ಯಾಕ್‌ಗಳು, ಎಷ್ಟು ಹೊತ್ತಾದರೂ ಮನುಷ್ಯರ ದನಿ ಕೇಳಿಸದ ಕಸ್ಟಮರ್ ಕೇರ್ ನಂಬರ್‌ಗಳು ನಮಗೆಲ್ಲ ಈಗ ಹೊಸದಲ್ಲ. ಇಷ್ಟು ದೊಡ್ಡ ಕಂಪನಿಗೆ ಇದು ಕಾಣುವುದಿಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಕಾಣುವುದಿಲ್ಲ ಅನ್ನುವುದೇ ಬಹಳ ಸಲ ಉತ್ತರ. ಹೇಗೆ ಅಂತ ಬುಡದಿಂದ ನೋಡೋಣ.

ಸೇವೆ ಅಂದರೆ ನಗುಮುಖ ಮಾತ್ರ ಅಲ್ಲ

ಮೊದಲು ಪದಗಳನ್ನು ಸರಿಮಾಡಿಕೊಳ್ಳೋಣ. ಒಂದೇ ಹೆಸರು, ಒಂದೇ ಮುಖ್ಯ ಕಚೇರಿ, ಬೇರೆ ಬೇರೆ ಊರುಗಳಲ್ಲಿ ಹತ್ತಾರು ಅಥವಾ ಸಾವಿರಾರು ಅಂಗಡಿಗಳು. ಇದು ಮಳಿಗೆ ಸರಣಿ. ಏನು ಮಾರಬೇಕು, ಎಷ್ಟಕ್ಕೆ ಮಾರಬೇಕು, ಪ್ರತಿ ಅಂಗಡಿಯಲ್ಲಿ ಎಷ್ಟು ಜನ ಇರಬೇಕು ಎಂಬುದೆಲ್ಲ ಮೇಲಿನಿಂದ ತೀರ್ಮಾನವಾಗುತ್ತದೆ. ಅಂಗಡಿಯ ಮ್ಯಾನೇಜರ್ ಕೈಯಲ್ಲಿ ಇರುವುದು ಸ್ವಲ್ಪವೇ.

ಗ್ರಾಹಕ ಸೇವೆ ಅಂದ ಕೂಡಲೇ ನಮಗೆ ನೆನಪಾಗುವುದು ಕೌಂಟರ್‌ನಲ್ಲಿ ಇರುವವರ ಮಾತು, ಮುಖ. ಅದು ಸೇವೆಯ ಒಂದು ತುಣುಕು ಅಷ್ಟೇ. ಬೇಕಾದ ವಸ್ತು ರ‍್ಯಾಕ್‌ನಲ್ಲಿ ಇರುವುದು ಸೇವೆ. ಚೀಟಿಯಲ್ಲಿ ಬರೆದ ಬೆಲೆಯೇ ಬಿಲ್‌ನಲ್ಲೂ ಬರುವುದು ಸೇವೆ. ಕೇಳಿದರೆ ಎಲ್ಲಿದೆ ಎಂದು ತೋರಿಸಲು ಒಬ್ಬರು ಸಿಗುವುದು, ಬೇಗ ಬಿಲ್ ಆಗುವುದು, ಕೆಟ್ಟಿದ್ದನ್ನು ಜಗಳವಿಲ್ಲದೆ ವಾಪಸ್ ತೆಗೆದುಕೊಳ್ಳುವುದು, ಎಲ್ಲವೂ ಸೇವೆಯೇ. ತುಂಬಾ ಮರ್ಯಾದೆಯಿಂದ ಮಾತಾಡುವ ಹುಡುಗಿಯೊಬ್ಬಳು ನಗುತ್ತಲೇ 'ಸ್ಟಾಕ್ ಇಲ್ಲ' ಅಂದರೆ ಸೇವೆ ಚೆನ್ನಾಗಿದೆ ಎನ್ನಲು ಆಗುತ್ತದಾ? ನಮ್ಮ ಕೆಲಸ ಆಗಲಿಲ್ಲ, ಅಲ್ವಾ?

ಈ ವ್ಯತ್ಯಾಸ ಇಡೀ ವಿಷಯಕ್ಕೆ ಮುಖ್ಯ. ಯಾಕಂದರೆ ಕಳಪೆ ಸೇವೆ ಎಂದ ಕೂಡಲೇ ಎದುರಿಗೆ ನಿಂತ ಸಿಬ್ಬಂದಿಯ ಮೇಲೆ ಸಿಟ್ಟು ಬರುತ್ತದೆ. ಆದರೆ ಮೇಲೆ ಹೇಳಿದ್ದರಲ್ಲಿ ಹೆಚ್ಚಿನವು ಅವರ ಕೈಯಲ್ಲಿ ಇಲ್ಲವೇ ಇಲ್ಲ.

ಸಣ್ಣ ಲಾಭದ ದೊಡ್ಡ ವ್ಯಾಪಾರ

ದೊಡ್ಡ ಅಂಗಡಿ ನೋಡಿದರೆ ದುಡ್ಡಿನ ಹೊಳೆಯೇ ಹರಿಯುತ್ತಿದೆ ಅನಿಸುತ್ತದೆ. ಹರಿಯುವುದು ನಿಜ. ಉಳಿಯುವುದು ಮಾತ್ರ ತೀರಾ ಕಡಿಮೆ. ದಿನಬಳಕೆಯ ವಸ್ತು ಮಾರುವ ಸೂಪರ್‌ಮಾರ್ಕೆಟ್‌ಗಳಲ್ಲಿ ನೂರು ರೂಪಾಯಿ ಮಾರಾಟಕ್ಕೆ ಕೊನೆಗೆ ಕೈಯಲ್ಲಿ ಉಳಿಯುವ ಲಾಭ ಸಾಮಾನ್ಯವಾಗಿ ಒಂದರಿಂದ ಮೂರು ರೂಪಾಯಿ.

ಒಂದು ಸುಲಭದ ಲೆಕ್ಕ ಮಾಡೋಣ. ಅಂಕಿಗಳು ಬರೀ ಉದಾಹರಣೆಗೆ. ಒಂದು ಮಳಿಗೆಯಲ್ಲಿ 100 ರೂಪಾಯಿ ಮಾರಾಟ ಆಯಿತು. ಆ ಮಾಲು ಕೊಳ್ಳಲು 75 ರೂಪಾಯಿ ಹೋಗಿದೆ. ಬಾಡಿಗೆ, ಕರೆಂಟು, ಸಂಬಳ, ಸಾಗಣೆ ಎಲ್ಲ ಸೇರಿ 22. ಉಳಿದದ್ದು 3. ಈಗ ಸೇವೆಯಿಂದ ಬೇಸತ್ತು ನೂರರಲ್ಲಿ ಐದು ರೂಪಾಯಿಯಷ್ಟು ವ್ಯಾಪಾರ ಬೇರೆ ಕಡೆ ಹೋಯಿತು ಅಂದುಕೊಳ್ಳಿ. ಮಾರಾಟ 95. ಮಾಲು ಕಡಿಮೆ ಹೋಗಿದ್ದರಿಂದ ಅದರ ಖರ್ಚು 71 ರೂಪಾಯಿ 25 ಪೈಸೆ. ಆದರೆ ಐದು ಗಿರಾಕಿ ಕಡಿಮೆಯಾದರು ಎಂದು ಬಾಡಿಗೆ ಕಡಿಮೆಯಾಗುವುದಿಲ್ಲ, ದೀಪಗಳು ಅಷ್ಟೇ ಉರಿಯಬೇಕು. ಅದು 22 ಹಾಗೇ ಇರುತ್ತದೆ. ಉಳಿದದ್ದು 1 ರೂಪಾಯಿ 75 ಪೈಸೆ.

ಅಂದರೆ ಮಾರಾಟ ಬಿದ್ದದ್ದು ನೂರಕ್ಕೆ ಐದು. ಲಾಭ ಬಿದ್ದದ್ದು ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ. ಹತ್ತು ರೂಪಾಯಿಯ ವ್ಯಾಪಾರ ಹೋದರೆ ಉಳಿಯುವುದು 50 ಪೈಸೆ. ಇಷ್ಟು ತೆಳು ಹಗ್ಗದ ಮೇಲೆ ಇಷ್ಟು ದೊಡ್ಡ ದೇಹ ನಡೆಯುತ್ತಿದೆ. ಅಂಗಡಿ ನಡೆಸುವವರು ಎಲ್ಲಿ ನಾಲ್ಕು ಕಾಸು ಉಳಿಯುತ್ತದೆ ಎಂದು ಹುಡುಕುವುದು ಈ ಭಯದಿಂದಲೇ. ಹಾಗೆ ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವುದು ಸಂಬಳದ ಪಟ್ಟಿ. ಬಾಡಿಗೆ ಕರಾರು ವರ್ಷಗಟ್ಟಲೆ ಇರುತ್ತದೆ, ಇಳಿಸಲು ಆಗದು. ಸಿಬ್ಬಂದಿಯ ಗಂಟೆಗಳನ್ನು ಮುಂದಿನ ವಾರದಿಂದಲೇ ಇಳಿಸಬಹುದು.

ಕಡಿಮೆ ಜನ, ಕೆಟ್ಟ ಲೆಕ್ಕ

ಎಲ್ಲಕ್ಕಿಂತ ಜಾಸ್ತಿ ಅರ್ಥ ಮಾಡಿಕೊಳ್ಳಬೇಕಾದ ಭಾಗ ಇದು ಎಂದು ನನಗೆ ಅನಿಸುತ್ತದೆ.

ಒಂದು ಮಳಿಗೆಯಲ್ಲಿ ಹತ್ತು ಜನ ಇದ್ದರು, ಈಗ ಏಳು ಜನ. ಕೆಲಸ ಕಡಿಮೆಯಾಗಿಲ್ಲ. ಲಾರಿ ಬಂದಾಗ ಮಾಲು ಇಳಿಸಬೇಕು, ರ‍್ಯಾಕ್ ತುಂಬಬೇಕು, ಬೆಲೆಚೀಟಿ ಬದಲಿಸಬೇಕು, ಬಿಲ್ ಮಾಡಬೇಕು, ಗಿರಾಕಿ ಕೇಳಿದ್ದಕ್ಕೆ ಉತ್ತರಿಸಬೇಕು. ಎಲ್ಲವೂ ಆಗದಿದ್ದಾಗ ಕಣ್ಣಿಗೆ ಬೀಳದ ಕೆಲಸ ಮೊದಲು ಬಿಟ್ಟುಹೋಗುತ್ತದೆ. ತಪ್ಪಾದ ಜಾಗದಲ್ಲಿ ಇಟ್ಟ ವಸ್ತು ಅಲ್ಲೇ ಉಳಿಯುತ್ತದೆ. ಹಳೆಯ ಬೆಲೆಚೀಟಿ ಅಂಟಿಕೊಂಡೇ ಇರುತ್ತದೆ. ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚದೆ ಕೂತಿರುತ್ತದೆ. ಅವಸರದಲ್ಲಿ ಬಿಲ್ ಮಾಡುವವರು ಎರಡು ಬಗೆಯ ವಸ್ತುವನ್ನು ಒಂದೇ ಬಾರ್‌ಕೋಡ್ ಎರಡು ಸಲ ಸ್ಕ್ಯಾನ್ ಮಾಡಿ ಮುಗಿಸುತ್ತಾರೆ. ಬೆಲೆ ಒಂದೇ, ಗಿರಾಕಿಗೆ ಏನೂ ನಷ್ಟವಿಲ್ಲ. ಆದರೆ ಕಂಪ್ಯೂಟರಿನಲ್ಲಿ ಒಂದು ವಸ್ತು ಇರುವುದಕ್ಕಿಂತ ಕಡಿಮೆ, ಇನ್ನೊಂದು ಇರುವುದಕ್ಕಿಂತ ಜಾಸ್ತಿ ಎಂದು ದಾಖಲಾಯಿತು.

ಇದರ ಪರಿಣಾಮ ಏನು? ಈಗಿನ ಸರಣಿಗಳಲ್ಲಿ ಹೊಸ ಮಾಲು ತರಿಸುವುದು ಬಹುಪಾಲು ಕಂಪ್ಯೂಟರ್. 'ಇನ್ನೂ ಆರು ಇದೆ' ಎಂದು ಕಂಪ್ಯೂಟರ್ ನಂಬಿದರೆ ಹೊಸದನ್ನು ತರಿಸುವುದಿಲ್ಲ. ರ‍್ಯಾಕ್ ಖಾಲಿ ಇದ್ದರೂ ಲೆಕ್ಕದಲ್ಲಿ ಆರು ಹಾಗೇ ಕೂತಿರುತ್ತದೆ. ಯಾರೂ ಕೊಳ್ಳುತ್ತಿಲ್ಲ ಎಂದು ಅದು ಬೇರೆ ತಿಳಿದುಕೊಳ್ಳುತ್ತದೆ. ಯಾರಾದರೂ ಕೊಳ್ಳುವುದು ಹೇಗೆ, ವಸ್ತುವೇ ಇಲ್ಲ! ನಿಕೋಲ್ ಡೆಹೊರೇಷಿಯಸ್ ಮತ್ತು ಅನಂತ್ ರಾಮನ್ ಎಂಬ ಇಬ್ಬರು ಸಂಶೋಧಕರು ಒಂದು ದೊಡ್ಡ ಸರಣಿಯ 37 ಮಳಿಗೆಗಳಲ್ಲಿ ಸುಮಾರು 3,70,000 ಸ್ಟಾಕ್ ದಾಖಲೆಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 65% ತಪ್ಪಾಗಿದ್ದವು. ಕಂಪ್ಯೂಟರ್ ಹೇಳಿದ್ದಕ್ಕೂ ಅಂಗಡಿಯಲ್ಲಿ ಇದ್ದದ್ದಕ್ಕೂ ತಾಳೆಯೇ ಇರಲಿಲ್ಲ.

ಇಲ್ಲಿಂದ ಸುಳಿ ಶುರುವಾಗುತ್ತದೆ. ವಸ್ತು ಸಿಗದ ಗಿರಾಕಿ ಬರುವುದು ಕಡಿಮೆ ಮಾಡುತ್ತಾರೆ. ಮಾರಾಟ ಬೀಳುತ್ತದೆ. ಎಷ್ಟೋ ಸರಣಿಗಳು ಮಾರಾಟಕ್ಕೆ ತಕ್ಕಂತೆ ಸಿಬ್ಬಂದಿಯ ಗಂಟೆಗಳನ್ನು ಹಂಚುತ್ತವೆ. ಮಾರಾಟ ಬಿದ್ದದ್ದರಿಂದ ಗಂಟೆಗಳು ಮತ್ತೆ ಕಡಿಮೆಯಾಗುತ್ತವೆ. ಉಳಿದವರ ಮೇಲೆ ಹೊರೆ ಜಾಸ್ತಿಯಾಗಿ, ಕೆಲಸ ಬಲ್ಲವರು ಬೇರೆ ಕಡೆ ಹೋಗುತ್ತಾರೆ. ಬಂದ ಹೊಸಬರಿಗೆ ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಸೇವೆ ಇನ್ನೂ ಕೆಡುತ್ತದೆ. ಈ ಸುಳಿಯೊಳಗೆ ಒಬ್ಬರೂ ಕೆಟ್ಟವರಿಲ್ಲ ಅನ್ನುವುದನ್ನು ಗಮನಿಸಿ. ಪ್ರತಿಯೊಬ್ಬರೂ ತಮ್ಮ ಮುಂದಿರುವ ಅಂಕಿ ನೋಡಿ ಸರಿ ಅನಿಸಿದ್ದನ್ನೇ ಮಾಡುತ್ತಿದ್ದಾರೆ.

ಹೋಮ್ ಡಿಪೋ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಮನೆ ರಿಪೇರಿ ಸಾಮಾನು ಮಾರುವ ಈ ಅಮೆರಿಕನ್ ಸರಣಿ 1978ರಲ್ಲಿ ಶುರುವಾಯಿತು. ನಲ್ಲಿ ಸೋರುತ್ತಿದೆ ಎಂದು ಹೋದರೆ, ಕೊಳಾಯಿ ಕೆಲಸ ಗೊತ್ತಿರುವವರೇ ಬಂದು ಯಾವ ವಾಷರ್ ಬೇಕು, ಹೇಗೆ ಹಾಕಬೇಕು ಎಂದು ಹೇಳಿಕೊಡುತ್ತಿದ್ದರು. ಜನ ಬರುತ್ತಿದ್ದದ್ದು ಆ ತಿಳಿವಳಿಕೆಗೆ. 2000ದ ಕೊನೆಯಲ್ಲಿ ರಾಬರ್ಟ್ ನಾರ್ಡೆಲ್ಲಿ ಅದರ ಮುಖ್ಯಸ್ಥರಾಗಿ ಬಂದರು. ಖರ್ಚು ಇಳಿಸುವ ಶಿಸ್ತು ತಂದರು, ಅರೆಕಾಲಿಕ ಸಿಬ್ಬಂದಿಯನ್ನು ಹೆಚ್ಚಿಸಿದರು. ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಚೆಂದ ಕಾಣಿಸುತ್ತಿತ್ತು. ಅಂಗಡಿಯೊಳಗೆ ಮಾತ್ರ ಕೇಳಿದ್ದಕ್ಕೆ ಉತ್ತರ ಬಲ್ಲವರು ಸಿಗುವುದು ಕಷ್ಟವಾಯಿತು. ಅಮೆರಿಕದಲ್ಲಿ ಗ್ರಾಹಕರ ತೃಪ್ತಿಯನ್ನು ನೂರಕ್ಕೆ ಅಂಕ ಕೊಟ್ಟು ಅಳೆಯುವ ಒಂದು ಸೂಚ್ಯಂಕ ಇದೆ. 2005ರ ಅಂಕಗಳಲ್ಲಿ ಹೋಮ್ ಡಿಪೋಗೆ ಸಿಕ್ಕಿದ್ದು 67. ಅದರ ಎದುರಾಳಿ ಲೋಸ್ 11 ಅಂಕ ಮುಂದಿತ್ತು. 2007ರ ಜನವರಿಯಲ್ಲಿ ನಾರ್ಡೆಲ್ಲಿ ಹುದ್ದೆ ಬಿಟ್ಟರು.

ಹೇಳದೆ ಹೋಗುವವರು

ಹಾಗಾದರೆ ಕಂಪನಿಗೆ ಮೊದಲೇ ಯಾಕೆ ಗೊತ್ತಾಗುವುದಿಲ್ಲ?

ಬೇಸರವಾದ ಗಿರಾಕಿಯ ಮುಂದೆ ಎರಡು ದಾರಿ ಇರುತ್ತವೆ ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ವಿವರಿಸಿದ್ದರು. ಒಂದು, ದನಿ ಎತ್ತುವುದು. ಇನ್ನೊಂದು, ಎದ್ದು ಹೋಗುವುದು. ದನಿ ಎತ್ತಲು ಶ್ರಮ ಬೇಕು. ಮ್ಯಾನೇಜರನ್ನು ಹುಡುಕಬೇಕು, ನಿಂತು ವಿವರಿಸಬೇಕು, ಕೆಲವೊಮ್ಮೆ ನಾಲ್ಕು ಜನರ ಮುಂದೆ ಜಗಳ ಆಡಬೇಕು. ಹೋಗುವುದಕ್ಕೆ ಏನೂ ಬೇಡ. ಪಕ್ಕದಲ್ಲೇ ಇನ್ನೊಂದು ಅಂಗಡಿ ಇದ್ದರೆ, ಕೈಯಲ್ಲೇ ಮೊಬೈಲ್ ಇದ್ದರೆ, ಹೋಗುವುದು ಇನ್ನೂ ಸುಲಭ.

ಯೋಚಿಸಿ ನೋಡಿ. ಬಿಲ್ಲಿಂಗ್ ಸಾಲು ಉದ್ದ ಇದೆ ಎಂದು ಕೈಯಲ್ಲಿದ್ದದ್ದನ್ನು ಯಾವುದೋ ರ‍್ಯಾಕ್ ಮೇಲೆ ಇಟ್ಟು ಹೊರಗೆ ನಡೆದದ್ದು ನಮ್ಮಲ್ಲಿ ಎಷ್ಟೋ ಜನರಿಗೆ ಆಗಿರುತ್ತದೆ. ಆ ದಿನ ಯಾರಿಗಾದರೂ ದೂರು ಕೊಟ್ಟಿರಾ? ಇಲ್ಲ. ಸುಮ್ನೆ ಬಂದಿರಿ. ಆ ಮಳಿಗೆಯ ಕಂಪ್ಯೂಟರಿನಲ್ಲಿ ನೀವು ಬಂದದ್ದೂ ಇಲ್ಲ, ಹೋದದ್ದೂ ಇಲ್ಲ. ಬಿಲ್ ಆಗದ ಗಿರಾಕಿ ಲೆಕ್ಕಕ್ಕೆ ಇಲ್ಲದ ಗಿರಾಕಿ. ಬಾಗಿಲಲ್ಲಿ ಜನರನ್ನು ಎಣಿಸುವ ಯಂತ್ರ ಇಟ್ಟವರಿಗೆ ಇಷ್ಟು ಜನ ಬಂದರು, ಇಷ್ಟೇ ಬಿಲ್ ಆಯಿತು ಎಂದು ಗೊತ್ತಾಗಬಹುದು. ಯಾಕೆ ಎಂದು ಆ ಯಂತ್ರ ಹೇಳುವುದಿಲ್ಲ.

ಸಿಬ್ಬಂದಿ ಇಳಿಸಿದ್ದರಿಂದ ಉಳಿದ ಹಣವಾದರೋ ತಿಂಗಳ ಕೊನೆಗೆ ರೂಪಾಯಿ ಪೈಸೆ ಸಮೇತ ಕಾಣಿಸುತ್ತದೆ. ಉಳಿತಾಯ ಈ ತಿಂಗಳೇ ಕಣ್ಣೆದುರು. ನಷ್ಟ ಎರಡು ವರ್ಷದಲ್ಲಿ, ಯಾರಿಗೂ ಹೆಸರಿಡಲಾಗದ ರೂಪದಲ್ಲಿ. ತಪ್ಪು ನಿರ್ಧಾರ ಸರಿ ಎಂದು ಅಷ್ಟು ಕಾಲ ಕಾಣುವುದು ಇದರಿಂದ.

ಹೋದವರು ಎಷ್ಟು ಬೆಲೆಬಾಳುತ್ತಾರೆ? ಒಂದು ಸಲದ ಬಿಲ್ ನೋಡಿದರೆ ಅದು ಚಿಲ್ಲರೆ. ಆದರೆ ವಾರಕ್ಕೊಮ್ಮೆ ಬರುವ ಒಂದು ಮನೆ ವರ್ಷಕ್ಕೆ ಐವತ್ತೆರಡು ಸಲ ಬರುತ್ತದೆ, ಹತ್ತು ವರ್ಷಕ್ಕೆ ಐನೂರಕ್ಕೂ ಹೆಚ್ಚು ಸಲ. ಆ ಮನೆಯನ್ನು ಕಳೆದುಕೊಂಡರೆ ಹೋಗುವುದು ಅಷ್ಟೂ ಬಿಲ್. ಅವರ ಜಾಗಕ್ಕೆ ಹೊಸಬರನ್ನು ತರಲು ಜಾಹೀರಾತು, ರಿಯಾಯಿತಿ ಎಂದು ಮತ್ತೆ ಖರ್ಚು. ತೂತು ಬಿದ್ದ ಕೊಡಕ್ಕೆ ನೀರು ಸುರಿದ ಹಾಗೆ. 1990ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂದಲ್ಲಿ ಫ್ರೆಡರಿಕ್ ರೈಕ್‌ಹೆಲ್ಡ್ ಮತ್ತು ಅರ್ಲ್ ಸ್ಯಾಸರ್ ಬರೆದ ಒಂದು ಲೇಖನ ಈ ಬಗ್ಗೆ ತುಂಬಾ ಹೆಸರಾಯಿತು. ಬಿಟ್ಟುಹೋಗುವ ಗ್ರಾಹಕರನ್ನು 5% ಕಡಿಮೆ ಮಾಡಿದರೆ ಲಾಭ 25%ರಿಂದ 85%ರವರೆಗೆ ಏರಬಹುದು ಎಂದು ಅವರು ಲೆಕ್ಕ ಹಾಕಿದ್ದರು. ಅವರು ನೋಡಿದ್ದು ಬೇರೆ ಬೇರೆ ಸೇವಾ ಉದ್ಯಮಗಳನ್ನು. ಎಲ್ಲ ಅಂಗಡಿಗೂ ಇದೇ ಅಂಕಿ ಎಂದು ಹಿಡಿಯಬಾರದು. ಆದರೆ ನಾವು ಮೇಲೆ ಮಾಡಿದ ನೂರು ರೂಪಾಯಿಯ ಲೆಕ್ಕವೂ ಅದೇ ದಿಕ್ಕಿಗೆ ಬೆರಳು ತೋರಿಸುತ್ತದೆ.

ಸಾಲು ಯಾಕೆ ಒಮ್ಮೆಲೇ ಬೆಳೆಯುತ್ತದೆ?

ಸಾಲಿನಲ್ಲಿ ಕಾಯುವುದಕ್ಕೂ ಒಂದು ಗಣಿತ ಇದೆ. ಡೆನ್ಮಾರ್ಕಿನ ಅಗ್ನರ್ ಎರ್ಲಾಂಗ್ ಎಂಬುವರು ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿ ದುಡಿಯುತ್ತ 1909ರಲ್ಲಿ ಅದಕ್ಕೆ ಬುನಾದಿ ಹಾಕಿದರು. ಅವರ ಚಿಂತೆ ಫೋನ್ ಕರೆಗಳದ್ದು. ಅದೇ ಲೆಕ್ಕ ಬಿಲ್ಲಿಂಗ್ ಕೌಂಟರಿಗೂ ಹೊಂದುತ್ತದೆ.

ಒಂದು ಕೌಂಟರ್ ಇದೆ. ಒಬ್ಬರ ಬಿಲ್‌ಗೆ ಸರಾಸರಿ 2 ನಿಮಿಷ. ಜನ ಬರುವ ಹೊತ್ತು ಇಂತಿಷ್ಟೇ ಎಂದಿಲ್ಲ, ಬಿಲ್ ಆಗುವ ಹೊತ್ತೂ ಒಬ್ಬೊಬ್ಬರದು ಒಂದೊಂದು ಥರ. ಕೌಂಟರಿನವರು ಗಂಟೆಯಲ್ಲಿ 80% ಹೊತ್ತು ಕೆಲಸದಲ್ಲಿದ್ದರೆ, ಗಿರಾಕಿ ಸರಾಸರಿ 8 ನಿಮಿಷ ಕಾಯಬೇಕು. 90% ಹೊತ್ತು ಕೆಲಸದಲ್ಲಿದ್ದರೆ 18 ನಿಮಿಷ. 95% ಆದರೆ 38 ನಿಮಿಷ. ಕೆಲಸದ ಹೊರೆ ಸ್ವಲ್ಪ ಏರಿತು, ಕಾಯುವುದು ಎರಡು ಪಟ್ಟು, ನಾಲ್ಕು ಪಟ್ಟು ಏರಿತು. ಯಾಕಂದರೆ ಬಿಡುವು ಇಲ್ಲದ ಕೌಂಟರಿಗೆ ಒಮ್ಮೆ ಹಿಂದೆ ಬಿದ್ದರೆ ಮತ್ತೆ ಹಿಡಿಯಲು ಹೊತ್ತೇ ಸಿಗುವುದಿಲ್ಲ. ವಾಹನ ತುಂಬಿದ ರಸ್ತೆಯಲ್ಲಿ ಇನ್ನು ನಾಲ್ಕು ಗಾಡಿ ಸೇರಿದ ಕೂಡಲೇ ಎಲ್ಲ ನಿಂತುಹೋಗುತ್ತದಲ್ಲ, ಹಾಗೆ.

ಮುಖ್ಯ ಕಚೇರಿಯ ಹಾಳೆಯಲ್ಲಿ ನೋಡಿದರೆ ಖಾಲಿ ಕೂತ ಸಿಬ್ಬಂದಿ ಅಂದರೆ ದಂಡದ ಸಂಬಳ. ಆ ಬಿಡುವೇ ಸಾಲನ್ನು ಚಿಕ್ಕದಾಗಿ ಇಡುತ್ತಿತ್ತು ಎಂಬುದು ಹಾಳೆಯಲ್ಲಿ ಕಾಣುವುದಿಲ್ಲ.

ಕಾಯುವುದು ಗಡಿಯಾರದ ವಿಷಯ ಮಾತ್ರವೂ ಅಲ್ಲ. ಸೇವಾ ಉದ್ಯಮಗಳನ್ನು ಅಧ್ಯಯನ ಮಾಡಿದ ಡೇವಿಡ್ ಮೈಸ್ಟರ್ 1985ರಲ್ಲಿ ತೋರಿಸಿಕೊಟ್ಟ ಹಾಗೆ, ಕೈಯಲ್ಲಿ ಏನೂ ಕೆಲಸವಿಲ್ಲದೆ ಕಾದರೆ ಹೊತ್ತು ಉದ್ದ ಅನಿಸುತ್ತದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲದಿದ್ದರೆ ಇನ್ನೂ ಉದ್ದ. ಅನ್ಯಾಯ ಆಗುತ್ತಿದೆ ಅನಿಸಿದರೆ ಮತ್ತೂ ಉದ್ದ. ಹನ್ನೆರಡು ಕೌಂಟರ್ ಇದ್ದು ಎರಡೇ ತೆರೆದಿದ್ದರೆ ಸಿಟ್ಟು ಬರುವುದು ಇದಕ್ಕೇ. ಬಿಲ್ಲಿಂಗ್ ಎಂಬುದು ಅಂಗಡಿಯ ಕೊನೆಯ ಮೆಟ್ಟಿಲು ಬೇರೆ. ಮನೆಗೆ ಹೋಗುವಾಗ ಮನಸ್ಸಿನಲ್ಲಿ ಉಳಿಯುವುದು ಅದು.

ಒಂದು ಅಂಗಡಿಯ ತಪ್ಪು, ಎಲ್ಲ ಅಂಗಡಿಯ ಹೆಸರು

ಒಂಟಿ ಅಂಗಡಿಯಲ್ಲಿ ಕೆಟ್ಟ ಅನುಭವ ಆದರೆ ಆ ಅಂಗಡಿಗೆ ಮಾತ್ರ ಹೋಗುವುದಿಲ್ಲ. ಸರಣಿಯಲ್ಲಿ ಹಾಗಲ್ಲ. ಎಲ್ಲ ಕಡೆ ಒಂದೇ ಬೋರ್ಡ್, ಒಂದೇ ಬಣ್ಣ. ಒಂದು ಕಡೆ ಆದದ್ದನ್ನು ಜನ ಆ ಹೆಸರಿಗೇ ಅಂಟಿಸುತ್ತಾರೆ. ತಪ್ಪು ಹುಟ್ಟಿದ್ದು ಮುಖ್ಯ ಕಚೇರಿಯಲ್ಲೇ ಆದರಂತೂ ಅದು ಒಂದೇ ದಿನ ಎಲ್ಲ ಮಳಿಗೆಗೂ ತಲುಪುತ್ತದೆ.

ಅಮೆರಿಕದ ಟಾರ್ಗೆಟ್ ಕಂಪನಿ 2013ರಲ್ಲಿ ಕೆನಡಾಕ್ಕೆ ಕಾಲಿಟ್ಟಿತು. ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಮಳಿಗೆ ತೆರೆಯಿತು. ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಅವಸರದಲ್ಲಿ ತುಂಬಿದ ಮಾಹಿತಿಯಲ್ಲಿ ತಪ್ಪುಗಳಿದ್ದವು. ಪೆಟ್ಟಿಗೆಯ ಅಳತೆ ತಪ್ಪು, ಸಂಖ್ಯೆ ತಪ್ಪು. ಗೋದಾಮು ತುಂಬಿ ತುಳುಕುತ್ತಿತ್ತು, ಅಂಗಡಿಯ ರ‍್ಯಾಕ್ ಖಾಲಿ. ಆಸೆಯಿಂದ ಬಂದ ಜನ ಬರಿಗೈಯಲ್ಲಿ ಹೋದರು. ಗಡಿಯಾಚೆಯ ಅದೇ ಕಂಪನಿಯ ಅಂಗಡಿಗಳನ್ನು ನೋಡಿದ್ದವರಿಗೆ ನಿರಾಸೆ ಇನ್ನೂ ಜಾಸ್ತಿ. 2015ರ ಜನವರಿಯಲ್ಲಿ ಕಂಪನಿ ಕೆನಡಾ ಬಿಡುವುದಾಗಿ ಹೇಳಿತು. 133 ಮಳಿಗೆಗಳು ಮುಚ್ಚಿದವು, ಸುಮಾರು 17,600 ಜನರ ಕೆಲಸ ಹೋಯಿತು. ಮೊದಲ ಸಲ ಬಂದ ಗಿರಾಕಿಗೆ ಎರಡನೇ ಸಲ ಬರಲು ಕಾರಣ ಕೊಡದಿದ್ದರೆ ಎಂಥ ದೊಡ್ಡ ಹೆಸರೂ ನಿಲ್ಲುವುದಿಲ್ಲ.

ಯಂತ್ರ ಇಟ್ಟರೆ ಆಯಿತಲ್ಲ?

ನಾವೇ ಸ್ಕ್ಯಾನ್ ಮಾಡಿ ನಾವೇ ಹಣ ಕಟ್ಟುವ ಯಂತ್ರಗಳು 1980ರ ದಶಕದಿಂದಲೂ ಇವೆ. ನಾಲ್ಕೈದು ವಸ್ತು ಕೊಂಡವರಿಗೆ ಅವು ನಿಜಕ್ಕೂ ಅನುಕೂಲ. ಆದರೆ ಟ್ರಾಲಿ ತುಂಬಿದವರಿಗೆ, ವಯಸ್ಸಾದವರಿಗೆ, ಬಾರ್‌ಕೋಡ್ ಇಲ್ಲದ ವಸ್ತು ತಂದವರಿಗೆ ಅದೇ ಯಂತ್ರ ಕಿರಿಕಿರಿ. ಯಂತ್ರ ತಡವರಿಸಿದಾಗ ಬಂದು ನೋಡಲು ಯಾರಾದರೂ ಬೇಕೇ ಬೇಕು. ಸ್ಕ್ಯಾನ್ ಆಗದೆ ಹೊರಹೋಗುವ ಮಾಲಿನ ನಷ್ಟ ಬೇರೆ. ಉತ್ತರ ಇಂಗ್ಲೆಂಡಿನ ಬೂತ್ಸ್ ಎಂಬ ಸೂಪರ್‌ಮಾರ್ಕೆಟ್ ಸರಣಿ 2023ರಲ್ಲಿ ತನ್ನ 28 ಮಳಿಗೆಗಳ ಪೈಕಿ ಎರಡನ್ನು ಬಿಟ್ಟು ಉಳಿದೆಲ್ಲ ಕಡೆ ಈ ಯಂತ್ರಗಳನ್ನು ತೆಗೆಯುವುದಾಗಿ ಹೇಳಿತು. ಮುಂದಿನ ವರ್ಷ ಟಾರ್ಗೆಟ್ ತನ್ನ ಹೆಚ್ಚಿನ ಮಳಿಗೆಗಳಲ್ಲಿ ಹತ್ತು ವಸ್ತುಗಳ ಮಿತಿ ಇಟ್ಟಿತು. ಯಂತ್ರ ತಪ್ಪಲ್ಲ. ಮನುಷ್ಯರನ್ನು ಪೂರ್ತಿ ತೆಗೆದು ಆ ಜಾಗದಲ್ಲಿ ಇಟ್ಟಾಗ ಕಷ್ಟ.

ತಿದ್ದಿಕೊಂಡವರು ಏನು ಮಾಡಿದರು?

2015ರ ಆರಂಭದಲ್ಲಿ ವಾಲ್‌ಮಾರ್ಟ್ ತನ್ನ ಅಮೆರಿಕದ ಮಳಿಗೆಗಳನ್ನು ಅಳೆದು ನೋಡಿತು. ಗ್ರಾಹಕ ಸೇವೆಯ ಗುರಿ ಮುಟ್ಟಿದ್ದು 16% ಮಳಿಗೆಗಳು ಮಾತ್ರ. ಕಂಪನಿ ಸುಮಾರು ಐದು ಲಕ್ಷ ಸಿಬ್ಬಂದಿಯ ಸಂಬಳ ಏರಿಸಿತು. ಮೊದಲು ಗಂಟೆಗೆ ಕನಿಷ್ಠ 9 ಡಾಲರ್, 2016ರ ಫೆಬ್ರವರಿಯಿಂದ 10. ತರಬೇತಿಗೂ ಖರ್ಚು ಮಾಡಿತು. ಇದರಿಂದ ಲಾಭ ಇಳಿಯುತ್ತದೆ ಎಂದು 2015ರ ಅಕ್ಟೋಬರ್‌ನಲ್ಲಿ ಹೇಳಿದಾಗ ಷೇರು ಒಂದೇ ದಿನ ಸುಮಾರು 10% ಬಿತ್ತು. ಹೂಡಿಕೆದಾರರಿಗೆ ಕಂಡದ್ದು ಖರ್ಚು ಮಾತ್ರ. 2016ರ ಹೊತ್ತಿಗೆ ಸೇವೆಯ ಗುರಿ ಮುಟ್ಟಿದ ಮಳಿಗೆಗಳು 75% ಆದವು, ಮಾರಾಟವೂ ಏರುತ್ತಾ ಬಂತು.

ಬೆಸ್ಟ್ ಬೈ ಕಥೆ ನನಗೆ ಇನ್ನೂ ಇಷ್ಟ. ಸರ್ಕಿಟ್ ಸಿಟಿಯ ಎದುರಾಳಿ ಅದು, ಅದೇ ಎಲೆಕ್ಟ್ರಾನಿಕ್ಸ್ ವ್ಯಾಪಾರ. 2012ರಲ್ಲಿ ಅದರ ಸ್ಥಿತಿಯೂ ಕೆಟ್ಟಿತ್ತು. ಜನ ಅಂಗಡಿಗೆ ಬಂದು ಟಿವಿ ನೋಡಿ, ಮುಟ್ಟಿ, ಕೇಳಿ ತಿಳಿದುಕೊಂಡು, ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಕೊಳ್ಳುತ್ತಿದ್ದರು. ಆ ವರ್ಷ ಮುಖ್ಯಸ್ಥರಾಗಿ ಬಂದ ಯೂಬೇರ್ ಜೋಲಿ ಮೊದಲ ದಿನಗಳನ್ನು ಮಿನ್ನೆಸೋಟಾದ ಒಂದು ಮಳಿಗೆಯಲ್ಲಿ ಕಳೆದರು. ಸಿಬ್ಬಂದಿಯ ಜೊತೆ ನಿಂತು ಏನು ಕಷ್ಟ ಎಂದು ಕೇಳಿದರು. ಆನ್‌ಲೈನ್ ಬೆಲೆಗೇ ಅಂಗಡಿಯಲ್ಲೂ ಕೊಡಲು ಒಪ್ಪಿದರು. ಸಿಬ್ಬಂದಿಗೆ ನಿಂತುಹೋಗಿದ್ದ ರಿಯಾಯಿತಿಯನ್ನು ಮತ್ತೆ ಕೊಟ್ಟರು, ತರಬೇತಿ ಹೆಚ್ಚಿಸಿದರು. ಬೆಲೆ ಒಂದೇ ಆದ ಮೇಲೆ, ಎದುರಿಗೆ ನಿಂತು ಬಿಡಿಸಿ ಹೇಳುವ ಮನುಷ್ಯರೇ ಅಂಗಡಿಯ ಬಲವಾದರು. ಸರ್ಕಿಟ್ ಸಿಟಿ ಐದು ವರ್ಷ ಮೊದಲು ಖರ್ಚು ಎಂದು ಕಳಿಸಿದ್ದು ಅಂಥವರನ್ನೇ.

ಜನರನ್ನು ಹೆಚ್ಚಿಸುವುದು ಒಂದೇ ದಾರಿ ಅಲ್ಲ, ಕೆಲಸವನ್ನು ಸುಲಭ ಮಾಡುವುದೂ ಒಂದು ದಾರಿ. ಅಮೆರಿಕದ ಇನ್ನೊಂದು ದೊಡ್ಡ ಸರಣಿ ಕಾಸ್ಟ್‌ಕೋದ ಒಂದು ಮಳಿಗೆಯಲ್ಲಿ ಸುಮಾರು 4,000 ಬಗೆಯ ವಸ್ತುಗಳಿವೆ. ಅಮೆರಿಕದ ಸಾಮಾನ್ಯ ಸೂಪರ್‌ಮಾರ್ಕೆಟ್‌ನಲ್ಲಿ ಇದು ಸುಮಾರು 30,000. ಬಗೆ ಕಡಿಮೆ ಇದ್ದರೆ ಎಣಿಸುವುದು, ಜೋಡಿಸುವುದು, ನೆನಪಿಡುವುದು ಎಲ್ಲ ಹಗುರ. ತಪ್ಪೂ ಕಡಿಮೆ. ಅಲ್ಲಿ ಉಳಿದ ಹಣ ಒಳ್ಳೆಯ ಸಂಬಳಕ್ಕೆ ಹೋಗುತ್ತದೆ.

ತಪ್ಪು ಎಲ್ಲಿಯೂ ಆಗುತ್ತದೆ. ಅದನ್ನು ಎಷ್ಟು ಬೇಗ, ಎಷ್ಟು ಮರ್ಯಾದೆಯಿಂದ ಸರಿಪಡಿಸಿದರು ಎಂಬುದನ್ನೂ ಗಿರಾಕಿ ನೆನಪಿಡುತ್ತಾರೆ. ದೂರು ಕೊಟ್ಟವರು ಎದ್ದು ಹೋಗದೆ ದನಿ ಎತ್ತಿದವರು, ಅಂದರೆ ಇನ್ನೂ ಸಂಬಂಧ ಕಡಿದುಕೊಳ್ಳದವರು. ಎದುರಿಗೆ ಇರುವ ಸಿಬ್ಬಂದಿಗೆ ಅಲ್ಲೇ ತೀರ್ಮಾನ ಮಾಡುವ ಅಧಿಕಾರ ಇದ್ದರೆ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ, ಮೇಲಿನವರ ಒಪ್ಪಿಗೆಗೆ ಕಾದರೆ ಎರಡು ವಾರ ಎಳೆಯುತ್ತದೆ.

ಸುದ್ದಿ ಓದುವಾಗ ಯಾವ ಅಂಕಿ ನೋಡಬೇಕು?

'ಕಂಪನಿಯ ಮಾರಾಟ ಏರಿದೆ' ಎಂಬ ಸುದ್ದಿ ಬಂದರೆ ಎಲ್ಲ ಸರಿ ಇದೆ ಎಂದು ಅರ್ಥವಲ್ಲ. ನೂರು ಅಂಗಡಿ ಇದ್ದ ಕಂಪನಿ ಇನ್ನೂ ಇಪ್ಪತ್ತು ತೆರೆದರೆ ಒಟ್ಟು ಮಾರಾಟ ಹೇಗೂ ಏರುತ್ತದೆ. ಹಳೆಯ ನೂರರಲ್ಲಿ ಜನ ಕಡಿಮೆಯಾಗುತ್ತಿರುವುದು ಅದರ ಕೆಳಗೆ ಮುಚ್ಚಿಹೋಗುತ್ತದೆ. ಅದಕ್ಕೇ ಕನಿಷ್ಠ ಒಂದು ವರ್ಷದಿಂದ ತೆರೆದಿರುವ ಮಳಿಗೆಗಳ ಮಾರಾಟವನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ. ವ್ಯಾಪಾರದ ಸುದ್ದಿಗಳಲ್ಲಿ ಇದನ್ನು 'ಸೇಮ್ ಸ್ಟೋರ್ ಸೇಲ್ಸ್' ಎನ್ನುತ್ತಾರೆ. ಅದರಲ್ಲೂ ಇನ್ನೊಂದು ಪದರ ಇದೆ. ಬೆಲೆ ಏರಿದ್ದರಿಂದ ಮಾರಾಟ ಏರಿತೋ, ಬಿಲ್‌ಗಳ ಸಂಖ್ಯೆಯೇ ಏರಿತೋ ಎಂದು ನೋಡಬೇಕು. ಬಿಲ್‌ಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಜನ ಕಾಲು ತೆಗೆಯುತ್ತಿದ್ದಾರೆ.

ನಾರ್ಡೆಲ್ಲಿ ಬರುವಾಗ ಹೋಮ್ ಡಿಪೋದ ವಾರ್ಷಿಕ ಮಾರಾಟ ಸುಮಾರು 46 ಬಿಲಿಯನ್ ಡಾಲರ್ ಇತ್ತು. ಗ್ರಾಹಕರ ತೃಪ್ತಿ 67ಕ್ಕೆ ಇಳಿದ 2005ರ ವರ್ಷದಲ್ಲಿ ಅದು 80 ಬಿಲಿಯನ್ ದಾಟಿತ್ತು.